ಸಾಬೂನಿನ ಅಳತೆ

ಈ ಹಿಡಿಕೆಗೆ ನಾನು ಕೊಟ್ಟದ್ದು ಆರುನೂರು ರೂಪಾಯಿ. ಮೂಡುಬಿದಿರೆಯ ಗುಜರಿ ಅಂಗಡಿಯವನು ನನ್ನ ಮುಖ ನೋಡಿ ಬಾಯಿಗೆ ಬಂದ ಹಾಗೆ ಹೇಳಿದ ರೇಟು ಅದು. ಅರವತ್ತು ಹೇಳಿದ್ದರೂ ಜಾಸ್ತಿಯೇ. ಮಡಂತ್ಯಾರಿನಲ್ಲಿ ಹೊಲಿಗೆ ಮೆಶಿನಿನ ಅಂಗಡಿ ಇಟ್ಟುಕೊಂಡಿರುವವಳು ನಾನು. ಒಂದು ಡಜನ್ ಸೂಜಿ ಕೊಳ್ಳುವಾಗಲೂ ಎರಡು ಸಲ ಎದ್ದು ಹೊರಟಂತೆ ಮಾಡಿ ಬೆಲೆ ಇಳಿಸುತ್ತೇನೆ. ಆದರೆ ಆ ದಿನ ಒಂದು ಮಾತೂ ಆಡದೆ ದುಡ್ಡು ತೆಗೆದುಕೊಟ್ಟೆ. ಅವನಿಗೇ ಅನುಮಾನ ಬಂತು. "ಎಂತ ಅಕ್ಕ, ಇದರೊಳಗೆ ಚಿನ್ನ ಗಿನ್ನ ಉಂಟಾ?" ಎಂದು ನನ್ನ ಕೈಯಿಂದ ಅದನ್ನು ವಾಪಸು ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಲುಗಾಡಿಸಿ ನೋಡಿದ. ನಾನು ಅಲ್ಲಿಗೆ ಹೋದದ್ದು ಹಳೆಯ ಮೆಶಿನುಗಳ ಕಬ್ಬಿಣದ ಕಾಲು ಹುಡುಕಿಕೊಂಡು. ಹೋಟೆಲಿನವರು ಈಗ ಅದರ ಮೇಲೆ ಹಲಗೆ ಕೂರಿಸಿ ಮೇಜು ಮಾಡುತ್ತಾರೆ, ಹಾಗಾಗಿ ಒಳ್ಳೆಯ ಬೇಡಿಕೆ ಉಂಟು. ಕಾಲುಗಳ ರಾಶಿಯ ಅಡಿಯಲ್ಲಿ ಒಂದು ಮರದ ಹಿಡಿಕೆ ಬಿದ್ದಿತ್ತು. ಅದರ ತುದಿಯ ಹಿತ್ತಾಳೆ ಮುಚ್ಚಳವನ್ನು ಸುಮ್ಮನೆ ತಿರುಗಿಸಿದೆ. ಬಹಳ ಗಟ್ಟಿಯಾಗಿತ್ತು. ಕಡೆಗೆ ಅದು ಬಿಟ್ಟಾಗ ಒಳಗಿನಿಂದ ಮೆಶಿನಿನ ಎಣ್ಣೆ ಮತ್ತು ಕರ್ಪೂರ ಒಟ್ಟಿಗೆ ಸೇರಿದ ಒಂದು ವಾಸನೆ ಬಂತು. ಆ ವಾಸನೆಯ ಮನೆ ಈ ಭೂಮಿಯ ಮೇಲೆ ಒಂದೇ ಇತ್ತು, ಅದೂ ಈಗ ಇಲ್ಲ.

ಸಿದ್ಧಕಟ್ಟೆಯಲ್ಲಿ, ರಸ್ತೆಗಿಂತ ನಾಲ್ಕು ಮೆಟ್ಟಿಲು ಕೆಳಗೆ, ನಮ್ಮ ಹಂಚಿನ ಮನೆ. ರಸ್ತೆ ಅಗಲ ಮಾಡಿದಾಗ ಮೊದಲು ಜಗಲಿ ಹೋಯಿತು. ಆಮೇಲೆ ಉಳಿದದ್ದನ್ನು ಅಣ್ಣ ಮಾರಿದ. ಈಗ ಅಲ್ಲಿ ಮೂರು ಶಟರಿನ ಕಟ್ಟಡ ನಿಂತಿದೆ. ಬಾಪ ಬದುಕಿದ್ದಾಗ ಆ ಜಗಲಿಯಲ್ಲಿ ಯಾವತ್ತೂ ಎರಡು ಮೂರು ಹೊಲಿಗೆ ಮೆಶಿನುಗಳು ಆಸ್ಪತ್ರೆಯ ಮುಂದೆ ಕೂತ ರೋಗಿಗಳ ಹಾಗೆ ತಲೆ ಬಗ್ಗಿಸಿ ಸಾಲಾಗಿ ಇರುತ್ತಿದ್ದವು. ಅಪ್ಪನನ್ನು ನಾವು ಬಾಪ ಎಂದು, ಅಮ್ಮನನ್ನು ಉಮ್ಮ ಎಂದು ಕರೆಯುತ್ತಿದ್ದೆವು. ಊರಿಗೆ ಅವರು ಮೆಶಿನಿನ ಹಸನಬ್ಬ, ಸಲುಗೆಯವರಿಗೆ ಹಸನಾಕ. ಉಮ್ಮ ಮಧ್ಯಾಹ್ನ ಬಾಗಿಲ ಬಳಿ ಕೂತು ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಘಾಟು, ಮೆಶಿನಿನ ಎಣ್ಣೆ, ಒಳಗಿನಿಂದ ಬರುವ ಕುಚ್ಚಲಕ್ಕಿ ಗಂಜಿಯ ಹಬೆ, ಇವೆಲ್ಲ ಸೇರಿ ನಮ್ಮ ಮನೆಯ ಗಾಳಿ ಆಗಿತ್ತು. ಬಟ್ಟೆಗೆ ಹತ್ತಿದ ಆ ಗಾಳಿಯನ್ನು ಶಾಲೆಯವರೆಗೂ ಹೊತ್ತುಕೊಂಡು ಹೋಗುತ್ತಿದ್ದೆ. ಅದರ ಮೇಲೆ ಕರ್ಪೂರ. ಉಪಕರಣಗಳಿಗೆ ತುಕ್ಕು ಹಿಡಿಯಬಾರದೆಂದು ಬಾಪ ಪೆಟ್ಟಿಗೆಯ ಮೂಲೆಗಳಲ್ಲಿ ಕರ್ಪೂರದ ಚೂರು ಇಡುತ್ತಿದ್ದರು. ಉಮ್ಮನಿಗೆ ಅದು ಆಗುತ್ತಿರಲಿಲ್ಲ. ನಮ್ಮಲ್ಲಿ ಮಯ್ಯತ್ತನ್ನು, ಅಂದರೆ ಸತ್ತವರ ದೇಹವನ್ನು, ಮೀಯಿಸುವ ನೀರಿಗೆ ಕರ್ಪೂರ ಹಾಕುವುದು. "ಜೀವ ಇರುವ ಮನೆಯಲ್ಲಿ ಈ ವಾಸನೆ ಯಾಕೆ?" ಎನ್ನುತ್ತಿದ್ದರು. ಬಾಪ ಕೇಳಿಸದವರಂತೆ ಮುಚ್ಚಳ ಹಾಕಿ ಬೀಗ ಒತ್ತುತ್ತಿದ್ದರು.

ಬೀಗ ಎಂದೆನಲ್ಲ, ಬಾಪನ ಸ್ವಭಾವವನ್ನು ಅಲ್ಲಿಂದಲೇ ಹೇಳಬೇಕು. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ, ಕನ್ನಡಿಯಲ್ಲಿ ಬಿಟ್ಟರೆ. ಸೈಕಲಿನಲ್ಲಿ ಊರೂರು ತಿರುಗಿ ಮನೆಮನೆಯಲ್ಲಿ ಮೆಶಿನು ರಿಪೇರಿ ಮಾಡುವಾಗ ಅವರು ಮನೆಯವರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಯಾವ ತಿರುಪನ್ನು ಎಷ್ಟು ತಿರುಗಿಸಿದರು ಎಂದು ಯಾರೂ ನೋಡಬಾರದು. ರಜೆಯಲ್ಲಿ ನಾನೂ ಸೈಕಲಿನ ಹಿಂದೆ ಕೂತು ಹೋಗುತ್ತಿದ್ದೆ. ನನ್ನ ಕೆಲಸ ಬಾಗಿಲಿಗೂ ಅವರಿಗೂ ನಡುವೆ ನಿಲ್ಲುವುದು. ಒಂದು ಮನೆಯ ಹೆಂಗಸು, "ಹಸನಾಕ, ಮೆಶಿನಿಗೆ ಮದರಂಗಿ ಹಚ್ಚುವುದಾ ಹೀಗೆ ಬೆನ್ನು ಹಾಕಿ ಕೂತು?" ಎಂದು ಕೇಳಿದ್ದು ನೆನಪಿದೆ. ಬಾಪ ತಿರುಗದೆಯೇ, "ಮದರಂಗಿ ಅಲ್ಲ, ಮಂತ್ರ. ಕಂಡ್ರೆ ಫಲ ಇಲ್ಲ" ಎಂದಿದ್ದರು. ಹೊರಡುವ ಮೊದಲು ಚೀಲ ಬಿಚ್ಚಿ ಉಪಕರಣಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ನೋಡುತ್ತಿದ್ದರು, ಮನೆಯವರ ಎದುರಿಗೇ. ಒಮ್ಮೆ ಬಾಬಿನ್ ಕೇಸಿನ ಸಣ್ಣ ಸ್ಕ್ರೂಡ್ರೈವರ್ ಕಾಣಲಿಲ್ಲ. ಆ ಮನೆಯ ಮಕ್ಕಳ ಜೇಬು ಸಹ ತಡವಿದರು. ಅದು ಅವರದೇ ಕಿವಿಯ ಹಿಂದೆ ಇತ್ತು. ಆ ಮನೆಯವರು ಮತ್ತೆ ನಮ್ಮನ್ನು ಕರೆಯಲಿಲ್ಲ.

ಬಹುಶಃ ಆ ನಾಚಿಕೆಯಿಂದಲೇ ಅವರಿಗೆ ಈ ಯೋಚನೆ ಹುಟ್ಟಿದ್ದು. ಒಂದೇ ಹಿಡಿಕೆ, ಅದರ ಹೊಟ್ಟೆಯೊಳಗೆ ನಾಲ್ಕು ಕಡ್ಡಿ, ಪ್ರತಿ ಕಡ್ಡಿಗೂ ಎರಡು ಮೊನೆ. ಒಂದು ಕಡ್ಡಿಯ ಒಂದು ತುದಿಯಲ್ಲಿ ಅಗಲದ ಚಪ್ಪಟೆ ಬಾಯಿ, ಕಡ್ಡಿಯನ್ನು ಎಳೆದು ತಿರುಗಿಸಿ ಸಿಕ್ಕಿಸಿದರೆ ಸಣ್ಣ ಬಾಯಿ. ಇನ್ನೊಂದು ಕಡ್ಡಿಯಲ್ಲಿ ನಕ್ಷತ್ರದ ಬಾಯಿ, ತಿರುಗಿಸಿದರೆ ಎಣ್ಣೆಯ ತೂತು ಬಿಡಿಸುವ ದಬ್ಬಳ. ಮತ್ತೊಂದರಲ್ಲಿ ನಟ್ಟಿನ ಚಾವಿ, ತಿರುಗಿಸಿದರೆ ಸಿಕ್ಕಿದ ನೂಲು ಎಳೆಯುವ ಕೊಕ್ಕೆ. ಹೀಗೆ ನಾಲ್ಕು ಕಡ್ಡಿಗೆ ಎಂಟು ಕೆಲಸ. ಕಡ್ಡಿಯ ನಡುಭಾಗ ಚೌಕ, ಹಿಡಿಕೆಯ ಮುಂದಿನ ಕೊಳವೆಯ ತೂತೂ ಚೌಕ. ಕೂತರೆ ಅಲುಗಬಾರದು. ಈಗ ಇಂಥದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ಅಂಗಡಿಯಲ್ಲೇ ನೇತಾಡುತ್ತಿದೆ, ಬಿಟ್ ಸೆಟ್ ಎನ್ನುತ್ತಾರೆ. ಆಗ ನಮ್ಮ ಕಡೆ ಯಾರೂ ಕಂಡದ್ದಿಲ್ಲ. "ಇದು ಕೈಯಲ್ಲಿದ್ದರೆ ಕೆಳಗೆ ಇಡುವ ಪ್ರಶ್ನೆಯೇ ಇಲ್ಲ. ಕೆಳಗೆ ಇಡದಿದ್ದರೆ ಯಾರು ಕದಿಯುವುದು?" ಎಂದು ಬಾಪ ನನಗೆ ಗುಟ್ಟಿನಲ್ಲಿ ಹೇಳಿದ್ದರು.

ಮೊದಲ ಮಾದರಿ ಮಾಡಿದ್ದು ಪಪ್ಪಾಯಿ ಎಲೆಯ ದಂಟಿನಲ್ಲಿ. ಒಳಗೆ ಪೊಳ್ಳು ಇರುವುದರಿಂದ ಅದೇ ಹಿಡಿಕೆ. ಕಡ್ಡಿಗಳನ್ನು ಬಟ್ಟೆ ಒಗೆಯುವ ನೀಲಿ ಸಾಬೂನಿನಲ್ಲಿ ಕೆತ್ತಿದರು. ಬಾರ್ ಸಾಬೂನನ್ನು ನೂಲಿನಿಂದ ಸೀಳಿ, ಬ್ಲೇಡಿನಲ್ಲಿ ಹೆರೆದು, ಅಂಚು ತೀಡಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಬಿಸಿಲು ಅದರ ಮೇಲೆ ಬಿದ್ದರೆ ನೀಲಿ ಗಾಜಿನ ಹಾಗೆ ಹೊಳೆಯುತ್ತಿತ್ತು. "ಒಗೆಯಲಿಕ್ಕೆ ಸಾಬೂನು ಇಲ್ಲ, ಇಲ್ಲೊಬ್ಬರು ಅದರಲ್ಲಿ ಬೊಂಬೆ ಮಾಡುವುದು" ಎಂದು ಉಮ್ಮ ಗೊಣಗುತ್ತಿದ್ದರು. ಆದರೆ ಗುಡಿಸುವಾಗ ಆ ಕಿಟಕಿಯನ್ನು ಮುಟ್ಟುತ್ತಿರಲಿಲ್ಲ.

ಮಾದರಿ ಆಯಿತು. ಇನ್ನು ಕಬ್ಬಿಣದಲ್ಲಿ ಮಾಡಿಸಬೇಕು. ಅಲ್ಲಿಂದ ಬಾಪನಿಗೆ ನಿದ್ದೆ ಹೋಯಿತು. ಹಿಂದೊಮ್ಮೆ ಅವರು ಎಣ್ಣೆ ಡಬ್ಬಿಗೆ ಬಗ್ಗಿದ ಮೂತಿ ಮಾಡಿಸಿದ್ದರು. ಮಾಡಿಕೊಟ್ಟವನು ಅದೇ ಮೂತಿಯನ್ನು ಇನ್ನೂ ಹತ್ತು ಮಾಡಿ ಅಂಗಡಿಗೆ ಕೊಟ್ಟನಂತೆ. ಈ ಸಲ ಹಾಗಾಗಬಾರದು. ಅವರು ಕಂಡುಕೊಂಡ ಉಪಾಯ ಇದು: ಮೂರು ಭಾಗ, ಮೂರು ಊರು, ಮೂರು ಜನ. ಹಿಡಿಕೆ ಮೂಡುಬಿದಿರೆಯ ಮರ ಕಡೆಯುವ ಆಚಾರಿಯಲ್ಲಿ. ಕಡ್ಡಿಗಳು ಬೆಳ್ತಂಗಡಿಯ ಹತ್ತಿರ, ಲಾಯಿಲದ ಕಮ್ಮಾರನಲ್ಲಿ. ಕೊಳವೆ ಬಂಟ್ವಾಳದಲ್ಲಿ ಲೇತ್ ಇಟ್ಟಿದ್ದ ಸಂಜೀವಣ್ಣನಲ್ಲಿ. ಒಬ್ಬನಿಗೆ ಇನ್ನೊಬ್ಬನ ವಿಷಯ ಗೊತ್ತಾಗಬಾರದು. ಮರದವನಿಗೆ, ಮಗಳಿಗೆ ಆಡಲಿಕ್ಕೆ ಸಣ್ಣ ಲಟ್ಟಣಿಗೆ ಎಂದರು. ಅವನು ನನ್ನ ಕಡೆ ನೋಡಿ, "ಲಟ್ಟಣಿಗೆಗೆ ಹೊಟ್ಟೆ ಯಾಕೆ ತೂತು ಮಾರಾಯ್ರೆ?" ಎಂದು ನಕ್ಕ. ಕಮ್ಮಾರನಿಗೆ ಸ್ಟವ್ವಿನ ಬರ್ನರ್ ಬಿಡಿಸುವ ಕಡ್ಡಿ ಎಂದರು, ಸಾಬೂನಿನ ಮೂರು ಕಡ್ಡಿಗಳನ್ನು ಅವನ ಕೈಗೇ ಕೊಟ್ಟು ಇದೇ ಅಳತೆಯಲ್ಲಿ ನಾಲ್ಕು ಬೇಕು ಎಂದರು, ನಾಲ್ಕನೆಯದರ ಮೊನೆಗಳನ್ನು ನೆಲದ ಮೇಲೆ ಗೀಚಿ ತೋರಿಸಿದರು. ನಾಲ್ಕನೆಯದನ್ನು ಕಿಟಕಿಯಲ್ಲಿ ಉಳಿಸಿಕೊಂಡರು. ಸಂಜೀವಣ್ಣನ ಕೊಳವೆಗೆ ಅದರದೇ ಅಳತೆ.

ಸಂಜೀವಣ್ಣ ಬಾಪನಿಗೆ ಬರೀ ಲೇತಿನವನಲ್ಲ. ಹುಡುಗರಾಗಿದ್ದಾಗ ನೇತ್ರಾವತಿಯಲ್ಲಿ ಒಟ್ಟಿಗೆ ಈಜಿದವರು. ನಮ್ಮ ಪೆರ್ನಾಳು ಹಬ್ಬದ ದಿನ ಮನೆಯ ಊಟಕ್ಕೆ ಅವರು ಬರದಿದ್ದರೆ ಬಾಪ ಕೈ ತೊಳೆಯುತ್ತಿರಲಿಲ್ಲ. ನನಗೆ ಲೇತಿನ ಸುರುಳಿ ಹಿತ್ತಾಳೆ ಚೂರುಗಳನ್ನು ಬಳೆ ಎಂದು ಕೊಡುತ್ತಿದ್ದರು, ಚುಚ್ಚದ ಹಾಗೆ ಅಂಚು ಉಜ್ಜಿ. ಆ ಸ್ನೇಹಿತನಿಗೂ ಬಾಪ ನಿಜ ಹೇಳಲಿಲ್ಲ. ಸಾಬೂನಿನ ಕಡ್ಡಿಯನ್ನು ಹೊರಗೆ ತೆಗೆಯದೆ, ಮನೆಯಲ್ಲೇ ಅದರ ದಪ್ಪ ಅಳೆದು ಗೀಟು ಹಾಕಿದ ಕಾಗದ ಮಾತ್ರ ಕೊಟ್ಟರು.

"ಹಸನಾಕ, ಒಳಗೆ ಎಂತ ಕೂರುವುದು ಅಂತ ಹೇಳಿ. ಕೂರುವ ವಸ್ತು ಕಾಣದೆ ತೂತು ಕೊರೆಯುವುದು ಹೇಗೆ?" ಎಂದರು ಸಂಜೀವಣ್ಣ.

"ಅಳತೆ ಕೊಟ್ಟಿದ್ದೇನಲ್ಲ."

"ಅಳತೆ ಕಾಗದದ್ದು. ನಾನು ಕೊರೆಯುವುದು ಕಬ್ಬಿಣ."

"ನೀನು ಕೊರೆ ಸಂಜೀವ. ಪಂಚಾತಿಕೆ ಬೇಡ."

ಈಗ ನನ್ನ ವಿಷಯ. ಬಾಪ ಆ ಕಾಗದ ಬರೆಯುವ ಮುಂಚಿನ ದಿನ ಉಮ್ಮ ನನಗೆ ಬೂತಾಯಿ ತೊಳೆಯಲು ಹೇಳಿದ್ದರು. ನನಗಾಗ ಹತ್ತು ವರ್ಷ. ಮೀನು ತೊಳೆದ ಕೈ ನಾರುತ್ತಿತ್ತು, ಬಾವಿಕಟ್ಟೆಯಲ್ಲಿ ಸಾಬೂನು ಮುಗಿದಿತ್ತು. ಕಿಟಕಿಯಲ್ಲಿ ಒಂಟಿಯಾಗಿ ನಿಂತಿದ್ದ ನೀಲಿ ಕಡ್ಡಿ ಕಂಡಿತು. ತೆಗೆದುಕೊಂಡೆ. ಎರಡೇ ಎರಡು ಸಲ ಉಜ್ಜಿದ್ದು. ನೊರೆ ಚೆನ್ನಾಗಿ ಬಂತು. ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟೆ. ನೋಡಿದರೆ ಮೊದಲಿನ ಹಾಗೆಯೇ ಇತ್ತು, ಅಂಚು ಮಾತ್ರ ಸ್ವಲ್ಪ ನುಣ್ಣಗಾಗಿತ್ತು.

ಮೂರು ಊರಿನಿಂದ ಮೂರು ಭಾಗ ಬಂದ ದಿನ ಬಾಪ ಬಾಗಿಲು ಹಾಕಿ, ಚಾಪೆ ಹಾಸಿ, ನಮ್ಮೆಲ್ಲರನ್ನೂ ಕೂರಿಸಿದರು. ಬೀಟೆ ಮರದ ಹಿಡಿಕೆ ಎಣ್ಣೆ ತಿಂದು ಕಪ್ಪಗೆ ಮಿನುಗುತ್ತಿತ್ತು. ಅದರ ಹೊಟ್ಟೆಗೆ ಮೊದಲು ಒಂದು ಚೂರು ಕರ್ಪೂರ ಹಾಕಿದರು. ಕೊಳವೆಯನ್ನು ಮುಂದೆ ಕೂರಿಸಿದರು. ಬಿಸ್ಮಿಲ್ಲಾ ಹೇಳಿ ಕಡ್ಡಿಯನ್ನು ತೂತಿಗೆ ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಇನ್ನೊಂದು ಕಡ್ಡಿ ತೆಗೆದರು. ನಾಲ್ಕೂ ಬಾಗಿಲಲ್ಲೇ ನಿಂತವು. ಉಮ್ಮ ಬೀಡಿಯ ಮೊರದ ಕಡೆ ನೋಡಿದರು. ನಾನು ನನ್ನ ಕೈಗಳನ್ನು ತೊಡೆಯ ಅಡಿಗೆ ಹಾಕಿ ಕೂತೆ. ನನಗೆ ಆ ಕ್ಷಣದಲ್ಲೇ ತಿಳಿಯಿತು, ಸಾಬೂನು ಸವೆದಷ್ಟು ಕೊಳವೆಯ ತೂತು ಕಿರಿದಾಗಿದೆ ಎಂದು. ಬಾಪನಿಗೆ ತಿಳಿದದ್ದು ಬೇರೆ. "ಸಂಜೀವ ಬೇಕಂತಲೇ ಮಾಡಿದ್ದು," ಎಂದರು. "ಕೂರದಿದ್ದರೆ ಕಡ್ಡಿ ಹಿಡ್ಕೊಂಡು ಅವನ ಹತ್ತಿರವೇ ಹೋಗಬೇಕಲ್ಲ. ಆಗ ಗುಟ್ಟು ಅವನಿಗೆ ಸಿಕ್ಕಿತು."

ಮಾರನೆ ಬೆಳಿಗ್ಗೆ ಬಂಟ್ವಾಳಕ್ಕೆ ಹೋದೆವು. ಲೇತಿನ ಪಟ್ಟಿ ತಿರುಗುತ್ತಿತ್ತು. ಬಾಪ ಕೊಳವೆಯನ್ನು ಮೇಜಿನ ಮೇಲೆ ಕುಕ್ಕಿದರು. ಸಂಜೀವಣ್ಣ ಮೆಶಿನು ನಿಲ್ಲಿಸಿ, ಕಾಗದ ಹುಡುಕಿ ತಂದು, ಕೊಳವೆಯ ಪಕ್ಕ ಇಟ್ಟು ತೋರಿಸಿದರು. ಗೀಟಿಗೂ ತೂತಿಗೂ ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ.

"ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ ಹಸನಾಕ. ಐದು ನಿಮಿಷದ ಕೆಲಸ. ನೀವು ಬೇಕಾದ್ರೆ ಬಾಗಿಲು ಹಾಕಿ."

"ಅದೇ ಬೇಕಲ್ಲ ನಿನಗೆ."

"ನನಗೆ ಎಂತ ಬೇಕು?"

"ಕಳ್ಳನಿಗೆ ಎಂತ ಬೇಕು ಅಂತ ನನ್ನ ಹತ್ತಿರ ಕೇಳ್ತೀಯಾ?"

ಸಂಜೀವಣ್ಣ ಚಿಂದಿಬಟ್ಟೆಯಿಂದ ಕೈ ಒರೆಸುತ್ತಾ ನಿಂತರು, ಕೈಯ ಎಣ್ಣೆ ಹೋಗಿ ಎಷ್ಟೋ ಹೊತ್ತಾದ ಮೇಲೂ ಒರೆಸುತ್ತಲೇ ಇದ್ದರು. ಒಂದು ಮಾತು ನನ್ನ ಬಾಯಲ್ಲಿತ್ತು. ಅದನ್ನು ಆಡಿದ್ದರೆ ಎರಡು ಪೆಟ್ಟು ಬೀಳುತ್ತಿತ್ತು, ಅಷ್ಟೇ. ಆಡಲಿಲ್ಲ. ಆ ವರ್ಷದಿಂದ ಪೆರ್ನಾಳಿಗೆ ನಮ್ಮ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಯಿತು. ಬಾಪ ಒಂದು ಕಡ್ಡಿಯನ್ನು ತಾವೇ ಅರದಲ್ಲಿ ಉಜ್ಜಿ ಒಳಗೆ ಹೋಗುವ ಹಾಗೆ ಮಾಡಿದರು. ಉಜ್ಜಿದ್ದು ಹೆಚ್ಚಾಯಿತು. ಕೆಲಸದ ನಡುವೆ ಅದು ಜಾರಿ ದಬ್ಬಳದ ಮೊನೆ ಅವರ ಅಂಗೈಗೆ ಇಳಿಯಿತು. ಗಾಯ ಮಾಗಿದ ಮೇಲೆ ಎಲ್ಲವನ್ನೂ ಬಿಸ್ಕಿಟ್ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದರು. ಮತ್ತೆ ಅದೇ ಚೀಲ, ಅದೇ ಸಾಲು.

ಅವರ ಜೊತೆ ತಿರುಗಿ ಕಲಿತ ವಿದ್ಯೆಯಿಂದಲೇ ನಾನು ಮುಂದೆ ನನ್ನ ಕಾಲ ಮೇಲೆ ನಿಂತೆ. ಜೊತೆಗೆ ಅನುಮಾನವನ್ನೂ ಕಲಿತೆ. ನನಗೆ ಇಪ್ಪತ್ತಾರು ಆಗಿದ್ದಾಗ ಬಾಪ ತೀರಿದರು. ಅವರನ್ನು ಮೀಯಿಸುವ ನೀರಿನ ಕರ್ಪೂರದ ವಾಸನೆ ಒಳಗಿನಿಂದ ಬಂದಾಗ, ಅವರು ಪೆಟ್ಟಿಗೆ ತೆರೆದರೇನೋ ಎಂದು ನಾನು ತಲೆ ಎತ್ತಿ ನೋಡಿದ್ದೆ. ಅದಾಗಿ ಐದನೆಯ ದಿನ ಅಂಗಳದಲ್ಲಿ ಸಂಜೀವಣ್ಣ ನಿಂತಿದ್ದರು. ತಲೆ ನರೆತಿತ್ತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಇಷ್ಟು ವರ್ಷ ಬರದವರು ಈಗ ಬಂದರೆಂದರೆ ಏನೋ ಲೆಕ್ಕ ಇರಬೇಕು ಎಂದುಕೊಂಡೆ. ಜಗಲಿಯ ಮೆಟ್ಟಿಲು ಹತ್ತಲೂ ಬಿಡಲಿಲ್ಲ.

"ಎಂತ ಆಗಬೇಕಿತ್ತು?"

"ಹಸನಾಕನದ್ದು ಒಂದು..."

"ಬಾಪನದ್ದು ಎಂತದೂ ನಿಮ್ಮಲ್ಲಿಲ್ಲ. ನಿಮ್ಮದು ಎಂತದೂ ನಮ್ಮಲ್ಲಿಲ್ಲ."

ಅವರು ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು, "ಆಯ್ತು ಮಗಾ" ಎಂದು ತಿರುಗಿ ಹೋದರು. ಮನೆ ಖಾಲಿ ಮಾಡುವಾಗ ಅಟ್ಟದ ಬಿಸ್ಕಿಟ್ ಡಬ್ಬಿ ಬರಿದಾಗಿತ್ತು. ಅತ್ತಿಗೆ ಮಾರಿಕೊಂಡಿದ್ದಾಳೆ ಎಂದು ನಂಬಿ ಎಷ್ಟೋ ವರ್ಷ ಅವಳ ಜೊತೆ ಮುಖ ಕೊಟ್ಟು ಮಾತಾಡಿಲ್ಲ.

ಹಾಗಾಗಿ ಗುಜರಿಯಿಂದ ತಂದ ಹಿಡಿಕೆಯನ್ನು ಅಂಗಡಿಯ ಮೇಜಿನ ಮೇಲೆ ಇಟ್ಟು ಮೊದಲು ನಾನು ಮಾಡಿದ್ದು ತನಿಖೆ. ಹೊಟ್ಟೆಯಿಂದ ಕಡ್ಡಿಗಳನ್ನು ಸುರಿದೆ. ನಾಲ್ಕೂ ಇದ್ದವು. ಒಂದನ್ನು ಕೊಳವೆಗೆ ಒತ್ತಿದೆ. ಟಕ್ ಎಂದು ಕೂತಿತು. ಎಳೆದು, ತಿರುಗಿಸಿ, ಇನ್ನೊಂದು ಮೊನೆ ಮುಂದೆ ಮಾಡಿ ಒತ್ತಿದೆ. ಅದೂ ಕೂತಿತು, ಅಲುಗಲಿಲ್ಲ. ಬಾಪ ಉಜ್ಜಿ ಸಡಿಲ ಮಾಡಿದ್ದ ಕಡ್ಡಿಯ ನಡುವಿಗೆ ಯಾರೋ ತೆಳು ಹಿತ್ತಾಳೆ ತಗಡು ಸುತ್ತಿ, ಚುಚ್ಚದ ಹಾಗೆ ಅಂಚು ಉಜ್ಜಿದ್ದರು. ಆ ಅಂಚಿನ ಮೇಲೆ ಬೆರಳು ಇಟ್ಟಾಗ ನನಗೆ ಹಳೆಯ ಬಳೆಗಳ ನೆನಪಾಯಿತು.

ಮರುದಿನವೇ ಬಂಟ್ವಾಳ ಪೇಟೆಗೆ ಹೋದೆ. ಲೇತಿನ ಕೋಣೆ ಇರಲಿಲ್ಲ, ಅದರ ಹಿಂದಿನ ಮನೆ ಇತ್ತು. ಸಂಜೀವಣ್ಣ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿರಬೇಕು. ನಾನು ಹಿಡಿಕೆಯನ್ನು ಅವರ ಮಡಿಲಲ್ಲಿ ಇಟ್ಟೆ. ಅವರು ನನ್ನನ್ನು ನೋಡುವ ಮೊದಲು ಅದನ್ನು ನೋಡಿದರು.

"ಇದು ಎಲ್ಲಿ ಸಿಕ್ಕಿತು ಮಾರಾಯ್ತಿ? ಲೇತ್ ಮಾರುವಾಗ ಮಗ ಕಬ್ಬಿಣದ ಒಟ್ಟಿಗೆ ಕೊಟ್ಟುಬಿಟ್ಟ. ಎಷ್ಟು ಹುಡುಕಿದೆ."

"ಇದನ್ನು ಸರಿ ಮಾಡಿದ್ದು ನೀವಾ?"

"ಮತ್ತೆ ಯಾರು? ಹಸನಾಕ ಸಾಯುವ ತಿಂಗಳು ಡಬ್ಬಿ ಹಿಡ್ಕೊಂಡು ಬಂದಿದ್ರು. ಎಲ್ಲ ನನ್ನ ಮೇಜಿನ ಮೇಲೆ ಸುರಿದ್ರು. ನಾನು ಬಾಗಿಲು ಹಾಕ್ಲಾ ಅಂತ ಕೇಳಿದೆ. ಬೇಡ ಅಂದ್ರು." ಅವರು ನಕ್ಕರು. "ಮಾಡಿ ಮುಗಿಸಿ ತರುವಾಗ ಮನುಷ್ಯ ಇಲ್ಲ. ನೀನು ಮೆಟ್ಟಿಲು ಹತ್ತಲಿಕ್ಕೆ ಬಿಡ್ಲಿಲ್ಲ."

ನಿಮಗೆ ಹೇಳುತ್ತೇನೆ, ಆಗಲೂ ನನಗೆ ಅನುಮಾನ. ಈ ಮುದುಕ ನನ್ನ ಸಮಾಧಾನಕ್ಕೆ ಕಥೆ ಕಟ್ಟುತ್ತಿರಬಹುದು. ಹಾಗೆ ತಾನಾಗಿ ಹೋಗಿ ತಪ್ಪು ಒಪ್ಪುವವರಲ್ಲ ನನ್ನ ಬಾಪ. "ಅಳತೆ ತಪ್ಪಿದ್ದು ಹೇಗೆ ಅಂತ ಹೇಳಿದ್ರಾ?" ಎಂದು ಕೇಳಿದೆ, ಸಿಕ್ಕಿಹಾಕಿಸಲಿಕ್ಕೇ ಕೇಳಿದ್ದು.

"ಸಾಬೂನು," ಎಂದರು ಸಂಜೀವಣ್ಣ. "ಇಲ್ಲಿ ಬಂದು ಜಗಳ ಮಾಡಿ ಹೋದ ದಿನ ಸಂಜೆಯೇ ಗೊತ್ತಾಯಿತಂತೆ. ಕಿಟಕಿಯ ಸಾಬೂನಿಗೆ ಬೂತಾಯಿಯ ಹುರುಪೆ ಅಂಟಿತ್ತಂತೆ. ಬಾಲೆ ಕೈ ತೊಳೆದದ್ದು ಅಂದ್ರು."

ನಾನು ಬೂತಾಯಿಯ ವಿಷಯವನ್ನು ಈ ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ಹುರುಪೆ ಅಂಟಿದ್ದು ನನಗೇ ಗೊತ್ತಿರಲಿಲ್ಲ.

"ಗೊತ್ತಾದ ಮೇಲೆ ಯಾಕೆ ಬರ್ಲಿಲ್ಲ?"

"ನಾನೂ ಕೇಳಿದೆ. 'ಬಂದ್ರೆ ತಪ್ಪು ಯಾರದ್ದು ಅಂತ ನೀನು ಕೇಳ್ತಿದ್ದಿ ಸಂಜೀವ, ಆಗ ಬಾಲೆಯ ಹೆಸರು ಹೇಳಬೇಕಿತ್ತು' ಅಂದ್ರು. ಪೆದ್ದು ಮನುಷ್ಯ. ಮೀನು ತೊಳೆದ ಬಾಲೆಗೆ ನಾನು ಎಂತ ಮಾಡ್ತಿದ್ದೆ?"

ಅವರು ಕಡ್ಡಿಯನ್ನು ಎಳೆದು, ತಿರುಗಿಸಿ, ಮತ್ತೆ ಕೂರಿಸಿದರು. ಟಕ್ ಎಂಬ ಸದ್ದು ಕೇಳಲು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮಾಡಿದರು. ಊರಿಡೀ ಅನುಮಾನಿಸಿದ ಮನುಷ್ಯ ನನ್ನ ಕಳ್ಳತನ ಕೈಗೆ ಸಿಕ್ಕಿದ ದಿನ ಅದನ್ನು ಮುಚ್ಚಿಟ್ಟರು, ಅದಕ್ಕೆ ಬೆಲೆಯಾಗಿ ಒಬ್ಬ ಸ್ನೇಹಿತನನ್ನೇ ಕೊಟ್ಟರು. ನನಗೆ ಬೀಳಬೇಕಾಗಿದ್ದ ಪೆಟ್ಟು ಎರಡೇ ಆಗಿತ್ತು. ನನ್ನ ಬಾಗಿಲಿಗೆ ಪೇಪರಿನಲ್ಲಿ ಸುತ್ತಿಕೊಂಡು ಪುಕ್ಕಟೆ ಬಂದದ್ದನ್ನು ನಾನು ಆರುನೂರಕ್ಕೆ ಕೊಂಡದ್ದು ಹೀಗೆ. ಹಿಡಿಕೆಯನ್ನು ಸಂಜೀವಣ್ಣನಲ್ಲೇ ಬಿಡಲು ನೋಡಿದೆ, ಒಪ್ಪಲಿಲ್ಲ. ಈ ಪೆರ್ನಾಳಿಗೆ ಊಟಕ್ಕೆ ಬರುತ್ತೇನೆ ಎಂದಿದ್ದಾರೆ, ಗಾಡಿ ಕಳಿಸಬೇಕಂತೆ. ಅವರು ಬರುವ ಮುಂಚೆ ನಾನು ಅತ್ತಿಗೆಯ ಮನೆಗೂ ಒಮ್ಮೆ ಹೋಗಬೇಕು.

ನೀವು ಯಾರಾದರೂ ಇಂಥದ್ದೊಂದು ಮಾಡಿಸುವುದಿದ್ದರೆ ಕೇಳಿ. ಸಾಬೂನಿನಲ್ಲಿ ಅಳತೆ ಇಡಬೇಡಿ, ಮರ ಅಥವಾ ತಗಡಿನಲ್ಲಿ ಇಡಿ. ತೂತು ಕೊರೆಯುವವನ ಕೈಗೆ ಕಡ್ಡಿಯನ್ನೂ ಕೊಡಿ, ಯಾತಕ್ಕೆ ಎಂದೂ ಹೇಳಿ. ಅವನು ಇನ್ನೂ ಹತ್ತು ಮಾಡಿ ಮಾರಿದರೆ ಮಾರಲಿ, ನಿಮ್ಮದು ಕೂರುತ್ತದಲ್ಲ. ಅಂಗಳದಲ್ಲಿ ಯಾರಾದರೂ ಪೊಟ್ಟಣ ಹಿಡಿದು ನಿಂತರೆ ಮೊದಲು ಒಳಗೆ ಕರೆದು ಚಾ ಕೊಡಿ, ಪೊಟ್ಟಣ ಬಿಚ್ಚಿ ನೋಡಿ, ಅನುಮಾನ ಪಡಲು ಆಮೇಲೂ ಸಮಯ ಇರುತ್ತದೆ. ಮಕ್ಕಳ ಕೈ ಮೀನು ನಾರುತ್ತಿದ್ದರೆ ಬೈಯದೆ ಒಂದು ಸಾಬೂನು ಕೊಡಿ. ಮತ್ತು ಹಿಡಿಕೆಯೊಳಗೆ ಕರ್ಪೂರ ಹಾಕುವುದಾದರೆ, ಅದು ನಮಗೆ ಕಾಣದ ಹಾಗೆ ಕರಗಿಹೋಗುತ್ತದೆ. ಮುಚ್ಚಳ ತೆಗೆದು ನೋಡುತ್ತಿರಿ, ಹಳೆಯ ಚೂರು ಪೂರ್ತಿ ಮುಗಿಯುವ ಮೊದಲೇ ಹೊಸತು ಹಾಕಿ.